ನಿವಾಸಿ, ಒಕ್ಕಲು, ಮುಲ್ಕಿ

ಕಳೆದ ಮಾಗಿಯಲ್ಲಿ ಹನುಮಸಾಗರದ ನಮ್ಮ ಮನೆಯ ಕಟ್ಟೆಗೆ ತರುಣನೊಬ್ಬನು ಅರ್ಜಿಯ ಕಾಗದವೊಂದನ್ನು ಹಿಡಿದು ಬಂದನು. ಮತದಾರರ ಪಟ್ಟಿಯನ್ನು ತಿದ್ದುವವರು ಬಂದಾಗ ಅವನ ಮನೆಗೆ ಬೀಗವಿದ್ದಿತಂತೆ, ಹೆಸರು ಬಿಟ್ಟುಹೋಗಿತ್ತು. ಕಾಗದದಲ್ಲಿಯ ‘ಸಾಮಾನ್ಯ ನಿವಾಸಿ’ ಎಂಬ ಮಾತಿನ ಮೇಲೆ ಬೆರಳಿಟ್ಟು ಅವನು ಕೇಳಿದನು: “ಮಾಸ್ತರ್ರೀ, ಆರ ತಿಂಗಳ ಗೋವಾದಾಗ ಗೌಂಡಿ ಕೆಲಸಕ್ಕ ಇರ್ತೀನ್ರಿ, ಆರ ತಿಂಗಳ ಇಲ್ಲಿರ್ತೀನ್ರಿ. ಹಂಗಾರ ನಾ ಎಲ್ಲ್ಯಾಂವ್ರೀ?”

ಪ್ರಶ್ನೆಯು ಸಣ್ಣದಲ್ಲ. ಕುಷ್ಟಗಿ, ಯಲಬುರ್ಗಿ ತಾಲೂಕುಗಳ ಮಳೆಯನ್ನೇ ನಂಬಿದ ಹೊಲಗಳನ್ನು ಬಿಟ್ಟು ಸುಗ್ಗಿಯ ನಂತರ ಗುಳೆ ಹೋಗುವ ಕುಟುಂಬಗಳೆಲ್ಲಕ್ಕೂ ಇದು ಅನ್ವಯಿಸುವದು.

ನಾವು ಮೊದಲು ಕಲಿತ ವ್ಯಾಕರಣವೇ ನೆನಪಿಗೆ ಬಂದಿತು. ‘ವಸ್’ ಧಾತುವಿನ ಸಂತಾನವು ದೊಡ್ಡದು: ವಾಸ, ವಸತಿ, ನಿವಾಸಿ, ಪ್ರವಾಸಿ, ಗುರುವಿನ ಬಳಿಯಲ್ಲಿರುವ ಅಂತೇವಾಸಿ, ಏಕಾದಶಿಯ ಉಪವಾಸವೂ ಇದರ ಕೂಸೇ. ಆದರೆ ಪಾಣಿನಿಯು ಊರಿನಿಂದ ಮನುಷ್ಯನಿಗೆ ಹೆಸರು ಬರುವ ಬಗೆಯನ್ನು ಹೇಳುವಾಗ ಎರಡು ಸೂತ್ರಗಳನ್ನು ಮಾಡಿದ್ದಾನೆ. ಒಂದು ನಿವಾಸಕ್ಕೆ, ಇನ್ನೊಂದು ಅಭಿಜನಕ್ಕೆ. ಈಗ ತಾನು ಇರುವ ಊರು ನಿವಾಸ, ಹಿರಿಯರು ಇದ್ದ ಊರು ಅಭಿಜನವೆಂದು ಪತಂಜಲಿಯು ಬಿಡಿಸಿ ಹೇಳುತ್ತಾನೆ. ಸ್ರುಘ್ನ ನಗರದಲ್ಲಿ ಇರುವವನೂ ಸ್ರೌಘ್ನ. ಅಜ್ಜ ಅಲ್ಲಿದ್ದು ತಾನು ಬೇರೆಡೆ ಇರುವವನೂ ಸ್ರೌಘ್ನನೇ.

ನಮ್ಮ ಕಡೆಯ ಅಡ್ಡಹೆಸರುಗಳು ಬಹಳ ಮಟ್ಟಿಗೆ ಅಭಿಜನದವು. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರಿನಲ್ಲಿ ನಿಂತದ್ದು ಹಾನಗಲ್ಲು. ನಮ್ಮ ಓಣಿಯ ಸೊಸೆಯಂದಿರ ಸಂಗತಿಯೂ ಹೀಗೆಯೇ. ಮೂವತ್ತು ವರುಷ ಇಲ್ಲಿ ಸಂಸಾರ ಮಾಡಿದ ಗೃಹಿಣಿಯೂ ಅತ್ತೆಯ ಬಾಯಲ್ಲಿ ಇನ್ನೂ ‘ಇಲಕಲ್ಲಿನಾಕಿ’.

ಸಂಸ್ಕೃತದ ಮೇಲೆ ನಮಗೆ ಒಂದು ಅಸಮಾಧಾನವೂ ಉಂಟು. ನಗರದಲ್ಲಿದ್ದವನು ನಾಗರಿಕನಾಗಿ ಸಭ್ಯನೆನಿಸಿದನು. ಗ್ರಾಮದಿಂದ ಬಂದ ‘ಗ್ರಾಮ್ಯ’ ಎಂಬದು ಒರಟುತನಕ್ಕೆ ಹೆಸರಾಯಿತು. ಹಳ್ಳಿಗನು ಕೋಶ ಬರೆದಿದ್ದರೆ ಹೀಗಾಗುತ್ತಿರಲಿಲ್ಲ.

ಅಚ್ಚಗನ್ನಡದ ‘ಒಕ್ಕಲು’ ಇಂಥ ಭೇದವನ್ನೆಣಿಸದು. ಇದು ಹಳೆಯ ಶಾಸನಗಳಲ್ಲಿಯೂ ಬರುವ ಶಬ್ದ. ಒಂದೆಡೆ ನೆಲೆನಿಂತು ಬಾಳುವ ಕುಟುಂಬವೇ ಒಕ್ಕಲು. ಭೂಮಿಯನ್ನು ಉಳುವವನು ಒಕ್ಕಲಿಗ, ಅವನ ಕಸಬು ಒಕ್ಕಲುತನ. ಪರರ ಹೊಲವನ್ನೋ ಮನೆಯನ್ನೋ ಹಿಡಿದವನೂ ಒಕ್ಕಲು. ಮೈಸೂರ ಕಡೆಗೆ ಹೊಸಮನೆಯ ಪ್ರವೇಶವನ್ನು ‘ಮನೆ ಒಕ್ಕಲು’ ಎನ್ನುವರು. ದೇವರಿಗೆ ನಡೆದುಕೊಳ್ಳುವ ಮನೆತನದವರು ಆ ದೇವರ ಒಕ್ಕಲು. ಒಡೆಯನಾಗಲಿ ಗೇಣಿದಾರನಾಗಲಿ, ಇದ್ದು ಬಾಳುವದೇ ಇಲ್ಲಿ ಮುಖ್ಯ. ಆದದರಿಂದಲೇ ‘ಒಕ್ಕಲೆಬ್ಬಿಸು’ ಎಂಬ ಮಾತು ಕಿವಿಗೆ ಅಷ್ಟು ಕಠೋರವಾಗಿರುವದು.

ನಿಜಾಮರ ಆಳಿಕೆಯಲ್ಲಿ ದಫ್ತರದ ಭಾಷೆಯು ಬೇರೆಯಾಗಿತ್ತು. ಪಟ್ಟಾ ಯಾರ ಹೆಸರಿಗಿದೆಯೋ ಅವನು ಪಟ್ಟೇದಾರ. ಅವನಿಂದ ಲಾವಣಿಗೆ ಹಿಡಿದವನು ‘ಅಸಾಮಿ ಶಿಕ್ಮಿ’. ಫಾರಸಿಯಲ್ಲಿ ‘ಶಿಕಮ್’ ಎಂದರೆ ಹೊಟ್ಟೆ. ಇನ್ನೊಬ್ಬನ ಹಕ್ಕಿನ ಹೊಟ್ಟೆಯೊಳಗೆ ಇರುವವನೆಂದು ಭಾವ! 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿದಾರನಿಗೆ ಉಳುವ ಹೊಲದ ಒಡೆತನ ದೊರೆಯುವ ದಾರಿಯಾಯಿತು.

ಅದೇ ಸಂಸ್ಥಾನದ ಇನ್ನೊಂದು ಶಬ್ದ ‘ಮುಲ್ಕಿ’. ಮುಲ್ಕ್ ಎಂದರೆ ನಾಡು. 1919ರ ನಿಯಮದಂತೆ ಹದಿನೈದು ವರುಷ ನೆಲಸಿದ ಹೊರಗಿನವನೂ ಮುಲ್ಕಿಯೆನಿಸಿ ಸರಕಾರಿ ನೌಕರಿಗೆ ಅರ್ಹನಾಗಬಹುದಾಗಿತ್ತು. ನಮ್ಮ ಸೀಮೆಯು 1948ರಲ್ಲಿ ನಿಜಾಮರ ಕೈಬಿಟ್ಟು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಶಬ್ದವು ಮರೆಯಾಯಿತು, ವಿಚಾರವು ಮರೆಯಾಗಲಿಲ್ಲ. 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯು, ಜನ್ಮದಿಂದ ಇಲ್ಲವೆ ವಾಸದಿಂದ ಈ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲನ್ನು ಹೇಳುವದು. ಪಾಣಿನಿಯ ಎರಡು ಸೂತ್ರಗಳು ಕಾಯಿದೆಯ ವೇಷದಲ್ಲಿ ಮರಳಿ ಬಂದಂತೆ ನಮಗೆ ತೋರಿತು.

ಇತ್ತ ಗೋವೆಯಲ್ಲಿ ನಮ್ಮ ಈ ತರುಣನಿಗೆ ಏನೆನ್ನುವರು? ‘ಘಾಟಿ’. ಘಟ್ಟದ ಮೇಲಿನವನೆಂದು ಅರ್ಥ. ಹಳಿಯುವ ದನಿ ಬೇರೆ. ಹನುಮಸಾಗರದಿಂದ ಘಟ್ಟಗಳು ಎಷ್ಟು ದೂರವೆಂಬದು ಅನ್ನುವವರಿಗೆ ಗೊತ್ತಿರಲಿಕ್ಕಿಲ್ಲ.

1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಇಪ್ಪತ್ತನೆಯ ಕಲಮನ್ನು ನಾವು ಅವನಿಗೆ ಓದಿ ಹೇಳಿದೆವು. ಒಂದು ಊರಲ್ಲಿ ಮನೆಯಿದ್ದ ಮಾತ್ರಕ್ಕೆ ಯಾವನೂ ಅಲ್ಲಿಯ ಸಾಮಾನ್ಯ ನಿವಾಸಿಯಾಗನು. ಅಂತೆಯೇ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಆ ಹಕ್ಕು ಹೋಗದು. ಮೊದಲನೆಯ ಮಾತಿಗೆ ಅವನ ಮುಖವು ಬಾಡಿತು, ಎರಡನೆಯದಕ್ಕೆ ಅರಳಿತು.

“ಬಿತ್ತಾಕ ಬಂದ ಬರ್ತೀಯಲ್ಲ?” ಎಂದು ಕೇಳಿದೆವು.

“ರೋಹಿಣಿ ಮಳಿಗೆ ಬರದ ಏನ್ ಮಾಡ್ಲಿರಿ? ನಮ್ಮವ್ವ ಇಲ್ಲೇ ತಂಗಿ ಮನ್ಯಾಗ ಅದಾಳ್ರಿ.”

ವಾಸಸ್ಥಳದ ಮನೆಯಲ್ಲಿ ‘ಹನುಮಸಾಗರ’ ಎಂದು ಬರೆದು ಕಾಗದವನ್ನು ಅವನ ಕೈಗೆ ಕೊಟ್ಟೆವು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಕುಷ್ಟಗಿಯ ಬಸ್ಸು ಬರುವ ಹೊತ್ತಾಯಿತೆಂದು ಹೊರಟನು.