ಕಂಪ್ಯೂಟರಿಗೆ ಹೊಸ ನಕ್ಷೆ ಕಲಿಸುವುದು ಹೇಗೆ?

ಸ್ತಂಭ ನಕ್ಷೆ, ರೇಖಾ ನಕ್ಷೆ, ವೃತ್ತ ನಕ್ಷೆಗಳನ್ನು ನೀವು ಶಾಲೆಯಲ್ಲಿಯೇ ಬರೆದಿದ್ದೀರಿ. ಅವನ್ನೇ ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಅದಕ್ಕೆ ಹಾಗೆ ಬರೆಯಲು ಕಲಿಸಿದವರು ಯಾರು? ಅದಕ್ಕೆ ಗೊತ್ತಿಲ್ಲದ ಹೊಸ ಬಗೆಯ ನಕ್ಷೆಯೊಂದನ್ನು ನೀವೂ ಕಲಿಸಬಹುದೇ? ಖಂಡಿತ ಕಲಿಸಬಹುದು. ಆ ದಾರಿಯನ್ನು ಇಲ್ಲಿ ನೋಡೋಣ.

ಪೈಥಾನ್ ಭಾಷೆಯಲ್ಲಿ ನಕ್ಷೆ ಬರೆಯಲು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶವಿದೆ. ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಸಿಸಲು ಇದನ್ನು ರೂಪಿಸಿದರು. 2003ರಲ್ಲಿ ಇದು ಹೊರಬಂತು. ಹಂಟರ್ 2012ರಲ್ಲಿ ತೀರಿಕೊಂಡರು, ತಂತ್ರಾಂಶ ಮಾತ್ರ ಬೆಳೆಯುತ್ತಲೇ ಇದೆ. ಏಕೆಂದರೆ ಇದು ಮುಕ್ತ ತಂತ್ರಾಂಶ. ಇದರ ಒಳಗಿನ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರ ಬಳಕೆಗೆ ಕೊಡಬಹುದು.

ಹೊಸ ನಕ್ಷೆ ಏಕೆ ಬೇಕು?

ಬಿಡದಿಯ ರೈತರೊಬ್ಬರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುತ್ತಾರೆಂದು ಇಟ್ಟುಕೊಳ್ಳಿ. ಅಲ್ಲಿ ಲಾಟ್‌ಗೊಂದು ಹರಾಜು, ಲಾಟ್‌ಗೊಂದು ಬೆಲೆ. ಲೆಕ್ಕದ ಅನುಕೂಲಕ್ಕಾಗಿ, ಒಂದು ದಿನ ಐದು ಲಾಟ್‌ಗಳಿಗೆ ಕಿಲೋಗೆ 480, 490, 500, 510, 520 ರೂಪಾಯಿ ಸಿಕ್ಕಿತೆನ್ನೋಣ. ಮರುದಿನ 300, 400, 520, 600, 680. ಎರಡೂ ದಿನದ ಸರಾಸರಿ 500! ಸ್ತಂಭ ನಕ್ಷೆ ಬರೆದರೆ ಎರಡು ಕಂಬಗಳೂ ಒಂದೇ ಎತ್ತರ. 300 ರೂಪಾಯಿಗೆ ಗೂಡು ಮಾರಿದವರ ಕಷ್ಟ ಅದರಲ್ಲಿ ಕಾಣುವುದೇ ಇಲ್ಲ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ನಕ್ಷೆ ಈ ಕೊರತೆಯನ್ನು ನೀಗುತ್ತದೆ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು, ನಡುವಿನ ಅರ್ಧ ಭಾಗವನ್ನು ಪೆಟ್ಟಿಗೆಯಾಗಿ ಬರೆಯುತ್ತಾರೆ. ಮಧ್ಯಾಂಕಕ್ಕೆ ಒಂದು ಗೆರೆ. ನಮ್ಮ ಮೊದಲ ದಿನದ ಪೆಟ್ಟಿಗೆ 490ರಿಂದ 510ರವರೆಗೆ, ಎರಡನೆಯದು 400ರಿಂದ 600ರವರೆಗೆ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆದರೂ ಒಂದು ಸಂಗತಿ ಉಳಿಯಿತು. ಮಾರುಕಟ್ಟೆಗೆ ಮಿಶ್ರತಳಿ ಗೂಡೂ ಬರುತ್ತದೆ, ದ್ವಿತಳಿ ಗೂಡೂ ಬರುತ್ತದೆ. ಸಾಮಾನ್ಯವಾಗಿ ದ್ವಿತಳಿಗೆ ಬೆಲೆ ಹೆಚ್ಚು. ಎರಡನ್ನೂ ಕೂಡಿಸಿ ನೋಡಿದರೆ ಬೆಲೆಗಳು ಎರಡು ಗುಂಪಾಗಿ ನಿಲ್ಲಬಹುದು. ಪೆಟ್ಟಿಗೆ ಆ ಎರಡು ಗುಂಪುಗಳನ್ನು ತೋರಿಸದು. ಇದಕ್ಕೆ ಜೆರ್ರಿ ಹಿಂಟ್ಜ್ ಮತ್ತು ರೇ ನೆಲ್ಸನ್ 1998ರಲ್ಲಿ ಪಿಟೀಲು ನಕ್ಷೆಯನ್ನು ಸೂಚಿಸಿದರು. ಬೆಲೆಗಳು ಹೆಚ್ಚು ಸೇರಿದಲ್ಲಿ ಆಕೃತಿ ಉಬ್ಬುತ್ತದೆ, ವಿರಳವಾದಲ್ಲಿ ಸಣ್ಣಗಾಗುತ್ತದೆ. ಎರಡು ಗುಂಪಿದ್ದರೆ ಎರಡು ಉಬ್ಬು. 2014ರಲ್ಲಿ ಈ ನಕ್ಷೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಸೇರಿತು.

ಸೇರಿಸುವ ಹಂತಗಳು

ಮೊದಲನೆಯದು ಚರ್ಚೆ. ಈ ನಕ್ಷೆ ಹಲವು ಕ್ಷೇತ್ರದವರಿಗೆ ಬೇಕೇ, ಈಗಿರುವ ನಕ್ಷೆಗಳಿಂದಲೇ ಕೆಲಸ ನಡೆಯದೇ ಎಂದು ತಂತ್ರಾಂಶವನ್ನು ನೋಡಿಕೊಳ್ಳುವವರು ಕೇಳುತ್ತಾರೆ. ಒಂದೇ ಕ್ಷೇತ್ರಕ್ಕೆ ಬೇಕಾದುದಾದರೆ ಪ್ರತ್ಯೇಕ ಪೊಟ್ಟಣವಾಗಿ ಕೊಡುವುದು ಲೇಸು. ಒಮ್ಮೆ ಸೇರಿಸಿದ್ದನ್ನು ಮುಂದೆ ವರ್ಷಗಟ್ಟಲೆ ಯಾರಾದರೂ ಕಾಪಾಡಬೇಕಲ್ಲವೇ?

ಎರಡನೆಯದು ಬರವಣಿಗೆ. ಗಿಟ್ ಎಂಬ ಸಾಧನದ ನೆರವಿನಿಂದ ಇಡೀ ತಂತ್ರಾಂಶದ ನಕಲನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಅದರಲ್ಲಿ ಹೊಸ ಭಾಗ ಬರೆಯುತ್ತೀರಿ. ಪಿಟೀಲು ನಕ್ಷೆಯಲ್ಲಿ ಲೆಕ್ಕ ಮಾಡುವ ಭಾಗ ಬೇರೆ, ಚಿತ್ರ ಬರೆಯುವ ಭಾಗ ಬೇರೆ. ಹೀಗಾಗಿ ಲೆಕ್ಕವನ್ನು ಬೇರೆ ವಿಧಾನದಿಂದ ಮಾಡಿಕೊಂಡವರೂ ಚಿತ್ರದ ಭಾಗವನ್ನು ಬಳಸಬಹುದು.

ಮೂರನೆಯದು ಪರೀಕ್ಷೆ. ಎಲ್ಲ ಲಾಟ್‌ಗಳಿಗೂ ಒಂದೇ ಬೆಲೆ ಬಂದರೆ? ಆಗ ಹರವು ಸೊನ್ನೆಯಾಗಿ ಮಾಮೂಲಿ ಲೆಕ್ಕ ಕೈಕೊಡುತ್ತದೆ. ಆ ಸಂದರ್ಭಕ್ಕೆ ಬೇರೆ ಏರ್ಪಾಡು ಬೇಕು. ಇಂಥ ಪ್ರಶ್ನೆಗಳನ್ನು ಮೊದಲೇ ಯೋಚಿಸಿ ಪರೀಕ್ಷೆಗಳನ್ನು ಬರೆದಿಡಬೇಕು. ಮಾದರಿ ಚಿತ್ರವೊಂದನ್ನು ಇಟ್ಟುಕೊಂಡು, ಹೊಸದಾಗಿ ಬಂದ ಚಿತ್ರವನ್ನು ಅದರೊಡನೆ ಕಂಪ್ಯೂಟರ್ ತಾನೇ ಹೋಲಿಸಿ ನೋಡುವ ಕ್ರಮವೂ ಇದೆ.

ನಾಲ್ಕನೆಯದು ವಿವರಣೆ ಮತ್ತು ಪರಿಶೀಲನೆ. ಬಳಸುವ ಕ್ರಮವನ್ನು ಉದಾಹರಣೆಯೊಂದಿಗೆ ಬರೆದು, ನಿಮ್ಮ ಬದಲಾವಣೆಯನ್ನು ಗಿಟ್‌ಹಬ್ ತಾಣದಲ್ಲಿ ಒಪ್ಪಿಗೆಗೆ ಸಲ್ಲಿಸಬೇಕು. ಅನುಭವಿಗಳು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ, ತಿದ್ದಲು ಹೇಳುತ್ತಾರೆ. ಅವರು ಒಪ್ಪಿದ ಮೇಲೆಯೇ ಸೇರ್ಪಡೆ.

ಸಣ್ಣ ಆಯ್ಕೆ, ದೊಡ್ಡ ಹೊಣೆ

ಪಿಟೀಲಿನ ಅಂಚನ್ನು ಎಷ್ಟು ನಯಗೊಳಿಸಬೇಕೆಂಬುದನ್ನು ಬಳಸುವವರು ಬದಲಾಯಿಸಿಕೊಳ್ಳಬಹುದು. ಆದರೆ ಹೆಚ್ಚಿನವರು ತಂತ್ರಾಂಶ ಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತಾರೆ. ಅತಿಯಾಗಿ ನಯಗೊಳಿಸಿದರೆ ಎರಡು ಉಬ್ಬು ಸೇರಿ ಒಂದಾಗುತ್ತದೆ. ಎರಡು ಬಗೆಯ ಬೆಲೆ ಇತ್ತೆಂಬ ಸತ್ಯವೇ ಮರೆಯಾಗುತ್ತದೆ. ತೀರಾ ಕಡಿಮೆ ಮಾಡಿದರೆ ಇಲ್ಲದ ಉಬ್ಬುಗಳು ಏಳುತ್ತವೆ. ಬರೆದವರು ಒಂದು ಸಂಜೆ ಆರಿಸಿದ ಅಳತೆ ಎಲ್ಲೋ ಒಂದು ಮಾರುಕಟ್ಟೆಯ, ಆಸ್ಪತ್ರೆಯ, ಪ್ರಯೋಗಾಲಯದ ತೀರ್ಮಾನವನ್ನು ತಿರುಗಿಸಬಲ್ಲದು. ಅಷ್ಟೊಂದು ಚರ್ಚೆ, ಪರೀಕ್ಷೆ, ಪರಿಶೀಲನೆ ಇರುವುದು ಇದಕ್ಕಾಗಿಯೇ.

ನೀವು ಎಲ್ಲಿಂದ ಆರಂಭಿಸಬಹುದು? ವಿವರಣೆಯಲ್ಲಿ ಅಸ್ಪಷ್ಟವಾದ ಒಂದು ವಾಕ್ಯವನ್ನು ತಿದ್ದಿ ಕಳಿಸುವುದೂ ಕೊಡುಗೆಯೇ. ಅದಕ್ಕೂ ಮೊದಲು ಒಂದು ಅಭ್ಯಾಸ ಮಾಡಿ: ನಿಮ್ಮೂರಿನ ಸಂತೆಯಲ್ಲಿ ಒಂದೇ ತರಕಾರಿಗೆ ಇಪ್ಪತ್ತು ಅಂಗಡಿಗಳ ಬೆಲೆ ಬರೆದುಕೊಳ್ಳಿ. ಸ್ತಂಭ, ಪೆಟ್ಟಿಗೆ, ಪಿಟೀಲು, ಮೂರೂ ನಕ್ಷೆ ಬರೆಯಿರಿ. ಯಾವುದು ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂದು ಗಮನಿಸಿ. ಮೂರರಲ್ಲೂ ಕಾಣದ ಸಂಗತಿಯೊಂದು ನಿಮಗೆ ಹೊಳೆದರೆ, ಹೊಸ ನಕ್ಷೆಯ ಮೊದಲ ಗೆರೆ ಅಲ್ಲಿಂದಲೇ ಆರಂಭ.