ಕೆರ ಮಾಡಿದವನ ಕಾಲು

"ಕಾಲಾಗಿನ ಕೆರ ಕಾಲಾಗೇ ಇರಬೇಕು." ನಮ್ಮ ಮುಡಬಿ ಕಡೆ ಈ ಮಾತು ಕೇಳದವರಿಲ್ಲ. ಇದು ಕೆರದ ಬಗ್ಗೆ ಆಡಿದ ಮಾತಲ್ಲ, ಮನುಷ್ಯರ ಬಗ್ಗೆ ಆಡಿದ್ದು. ಹೀಗಾಗಿ ಕೆರ ಒಂದು ಸಂಕೇತವಾದದ್ದು ಹೇಗೆಂಬುದನ್ನು ನಾವು ಬಿಡಿಸಿ ನೋಡಬೇಕಾಗಿದೆ.

ಕಾಲಿನ ಮೆಟ್ಟು ಅಂತಸ್ತು ಹೇಳುವುದು ನಮ್ಮಲ್ಲಷ್ಟೇ ಅಲ್ಲ. 1986ರಲ್ಲಿ ಫಿಲಿಪ್ಪೀನ್ಸಿನ ಸರ್ವಾಧಿಕಾರಿ ಮಾರ್ಕೋಸ್ ದೇಶ ಬಿಟ್ಟು ಓಡಿದಾಗ ಅವನ ಹೆಂಡತಿ ಇಮೆಲ್ಡಾಳ ಸಾವಿರಾರು ಜೋಡಿ ಶೂಗಳು ಅರಮನೆಯಲ್ಲಿ ಸಿಕ್ಕವು. ಅದು ವರ್ಗದ ಕತೆ. ರೊಕ್ಕ ಇದ್ದಾಂವ ಕೊಳ್ಳುತ್ತಾನೆ, ಇಲ್ಲದಾಂವ ಬರಿಗಾಲಲ್ಲಿ ನಡೀತಾನೆ. ನಮ್ಮಲ್ಲಿ ಹಾಗಲ್ಲ. ರೊಕ್ಕ ಕೊಟ್ಟು ತಂದ ಕೆರವನ್ನೂ ದಲಿತರು ಮೇಲ್ಜಾತಿಯವರ ಓಣಿ ಬಂದಾಗ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ತೊಗಲು ಹದ ಮಾಡಿ ಊರಿಗೆಲ್ಲ ಕೆರ ಹೊಲಿದುಕೊಟ್ಟ ಜಾತಿಗಳಿಗೇ ಈ ಕಟ್ಟಳೆ!

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹರಳಯ್ಯನ ಕತೆ ಓದಿರಿ. 12ನೇ ಶತಮಾನದ ಕಲ್ಯಾಣ, ಅಂದರೆ ನಮ್ಮದೇ ತಾಲೂಕಿನ ಬಸವಕಲ್ಯಾಣ. ಸಮಗಾರ ಹರಳಯ್ಯ 'ಶರಣು' ಅಂದ, ಬಸವಣ್ಣ 'ಶರಣು ಶರಣಾರ್ಥಿ' ಅಂದ. ಆ ಹೆಚ್ಚಿನ ಒಂದು ಶರಣು ತೀರಿಸಲಾಗದ ಸಾಲವಾಯಿತು. ಹರಳಯ್ಯ, ಕಲ್ಯಾಣಮ್ಮ ಇಬ್ಬರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲೆ ಹೊತ್ತ. ಇದು ಭಕ್ತಿಯ ಪರಾಕಾಷ್ಠೆ ಎಂದು ಹೊಗಳಿ ನಮ್ಮ ವಿಮರ್ಶೆ ಕೈತೊಳೆದುಕೊಳ್ಳುತ್ತದೆ. ನಾನು ಕೇಳುವುದು ಬೇರೆ. ಒಂದು ನಮಸ್ಕಾರಕ್ಕೆ ಮೈಚರ್ಮದಷ್ಟು ಬೆಲೆ ಯಾಕ ಬಂತು? ಅಂಥ ನಮಸ್ಕಾರ ಅವನ ಜಾತಿಗೆ ಸಿಗುವ ವಸ್ತುವಾಗಿರಲಿಲ್ಲ, ಅದಕ್ಕ.

ಇನ್ನೊಂದು ಮಾತು. ಆ ಪಾದರಕ್ಷೆಯಿಂದ ಅರಮನೆ ಅಲುಗಲಿಲ್ಲ. ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಮಧುವರಸ ತನ್ನ ಮಗಳನ್ನು ಕೊಟ್ಟಾಗ ಮಾತ್ರ ಅಲುಗಿತು. ಬಿಜ್ಜಳ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿ ಕೊಲ್ಲಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ವ್ಯವಸ್ಥೆ ಸಂಕೇತವನ್ನು ಸಹಿಸಿಕೊಳ್ಳುತ್ತದೆ, ಸಂಬಂಧವನ್ನು ಸಹಿಸೋದಿಲ್ಲ.

ಇದೆಲ್ಲ ಹಳೇ ಕತೆ ಅನಬ್ಯಾಡ್ರಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿ 26ರಂದು. ಸಾರ್ವಜನಿಕ ಜಾಗದಲ್ಲಿ ದಲಿತರು ಪಾದರಕ್ಷೆ ಹಾಕದಂತೆ ತಡೆಯುವುದು, ದಲಿತರ ಕೊರಳಿಗೆ ಚಪ್ಪಲಿ ಹಾರ ಹಾಕುವುದು ಎರಡನ್ನೂ ಅದು ಅಪರಾಧವೆಂದು ಹೆಸರಿಸಿ ಹೇಳಿತು. ನಡೆಯದೇ ಇದ್ದದ್ದನ್ನು ಯಾವ ಸರ್ಕಾರವೂ ಇಷ್ಟು ಬಿಡಿಸಿ ಬರೆಯುವುದಿಲ್ಲ.

ಆದ್ದರಿಂದ ಗೆಳೆಯರೆ, ಹರಳಯ್ಯನನ್ನು ಪೂಜೆಯ ಜಗುಲಿಯಿಂದ ಇಳಿಸಿ ವಿಮರ್ಶೆಗೆ ಕರೆತರೋಣ. ಕೆರ ಯಾರ ತಲೆ ಮೇಲೂ ಬೇಡ, ಕೊರಳಲ್ಲೂ ಬೇಡ, ಕೈಯಲ್ಲೂ ಬೇಡ. ಮಾಡಿದವನ ಕಾಲಾಗ ಇರಲಿ, ಯಾವ ಓಣಿಯಲ್ಲಾದರೂ.