ದ್ವಿಚಕ್ರ ವಾಹನ ಕಲಿಕೆ (ಜಮಖಂಡಿ ಪ್ರದೇಶ)

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ವಾಹನಗಳು ಜಮಖಂಡಿ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಎ-48 ಸಂಕೇತದಡಿ ನೋಂದಣಿಯಾಗುತ್ತವೆ. ಗೇರ್ ಇರುವ ಬೈಕ್ ಕಲಿಯಲು 18 ವರ್ಷ ತುಂಬಿರಬೇಕು ಹಾಗೂ ಕಲಿಕಾ ಪರವಾನಗಿ ಪಡೆದಿರಬೇಕು. ಇದರ ಅವಧಿ 6 ತಿಂಗಳು. 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.

ವೆಚ್ಚ
ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಲಿಕಾ ಪರವಾನಗಿಗೆ ₹150, ಅದರ ಪರೀಕ್ಷೆಗೆ ₹50, ಚಾಲನಾ ಪರೀಕ್ಷೆಗೆ ₹300 ಮತ್ತು ಚಾಲನಾ ಪರವಾನಗಿಗೆ ₹200 ಮೂಲ ಶುಲ್ಕವಿದೆ. ಸ್ವಂತ ಬಳಕೆಯ ಬೈಕಿಗೆ ತರಬೇತಿ ಶಾಲೆ ಕಡ್ಡಾಯವಲ್ಲ. ಹೀಗಾಗಿ ಮನೆಯ ಅಥವಾ ಪರಿಚಿತರ ವಾಹನದಲ್ಲಿಯೇ ಕಡಿಮೆ ಖರ್ಚಿನಲ್ಲಿ ಅಭ್ಯಾಸ ಮಾಡಬಹುದು. ಆದರೆ ಆ ವಾಹನಕ್ಕೆ ಚಾಲ್ತಿಯಲ್ಲಿರುವ ವಿಮೆ ಇರಲೇಬೇಕು. ಇಲ್ಲವಾದರೆ ಅಪಘಾತದ ಪರಿಹಾರದ ಹೊರೆ ವಾಹನದ ಮಾಲೀಕರ ಮೇಲೂ ಬೀಳುತ್ತದೆ.

ಅಭ್ಯಾಸದ ನಿಯಮಗಳು
ವಾಹನದ ಹಿಂದೆ ಮತ್ತು ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರವಿರಬೇಕು. ಪರವಾನಗಿ ಹೊಂದಿದ ಬೋಧಕರ ಹೊರತು ಬೇರಾರನ್ನೂ ಹಿಂದೆ ಕೂರಿಸುವಂತಿಲ್ಲ. ಹೆಲ್ಮೆಟ್ ಕಡ್ಡಾಯ.

ಸ್ಥಳೀಯ ಅಪಾಯಗಳು
ಕಬ್ಬು ಕಟಾವಿನ ಕಾಲದಲ್ಲಿ ಈ ಭಾಗದ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಸಂಚಾರ ಹೆಚ್ಚು. ಹೊರಚಾಚಿದ ಹೊರೆ, ಹಿಂಬದಿಯಲ್ಲಿ ದೀಪ ಅಥವಾ ಪ್ರತಿಫಲಕ ಇಲ್ಲದ ಟ್ರೈಲರ್‌ಗಳು ರಾತ್ರಿ ತಡವಾಗಿ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮೊದಲು ಖಾಲಿ ಬಯಲಿನಲ್ಲಿ ಕ್ಲಚ್ ಮತ್ತು ಬ್ರೇಕ್ ರೂಢಿಸಿಕೊಂಡು, ಬಳಿಕ ಹಗಲಿನಲ್ಲಿ ಹಳ್ಳಿಯ ರಸ್ತೆಗೆ, ಕೊನೆಯಲ್ಲಿ ಹೆದ್ದಾರಿಗೆ ಇಳಿಯುವುದು ಸುರಕ್ಷಿತ ಕ್ರಮ.